ಇನ್ನೂರ ಹದಿನಾಲ್ಕನೆಯ ತಾಯಿ

ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ
ತಾಯಿಗೆ ಹೆಸರಿಲ್ಲ, ನಂಬರಿದೆ.
ಹಾಳೆಯ ಮೇಲೆ ಚಿಟ್ಟೆಯನ್ನು ಕೂರಿಸಿ
ಕಪ್ಪು ಆಲಿಕೆಯೊಂದನ್ನು ಬೋರಲು ಹಾಕುತ್ತೇವೆ.
ಸೆಲ್ಯೂಲ್ ಅನ್ನುತ್ತೇವೆ ಅದಕ್ಕೆ.
ಆ ಕತ್ತಲಲ್ಲಿ ಒಬ್ಬಳೇ, ರಾತ್ರಿಯೆಲ್ಲ,
ಸಾಸಿವೆಗಿಂತ ಸಣ್ಣ ಐನೂರು ಮೊಟ್ಟೆ
ಒಂದರ ಮೇಲೊಂದು ಬೀಳದ ಹಾಗೆ ಇಟ್ಟು
ಬೆಳಗ್ಗೆ ನನ್ನ ಮೇಜಿಗೆ ಬರುತ್ತಾಳೆ.
ಬಾಯಿದ್ದೂ ಒಂದು ಹನಿ ಕುಡಿದವಳಲ್ಲ;
ಹುಳುವಾಗಿದ್ದಾಗ ಮೇಯ್ದ ಹಿಪ್ಪುನೇರಳೆ ಸೊಪ್ಪೇ
ಇಲ್ಲಿಯವರೆಗೆ ನಡೆಸಿದ್ದು.

ನನ್ನ ಕೆಲಸ ಅವಳನ್ನು ಅರೆಯುವುದು.
ಪುಟ್ಟ ಕಲ್ಬತ್ತು, ಕ್ಷಾರದ ನೀರು, ಮೂರು ಸುತ್ತು,
ಗಾಜಿನ ಮೇಲೆ ಒಂದು ತೊಟ್ಟು.
ಇಪ್ಪತ್ತೆರಡು ವರ್ಷ ಆಯಿತು;
ಮನೆಯಲ್ಲಿ ಏಲಕ್ಕಿ ಕುಟ್ಟುವಾಗಲೂ ಮೂರೇ ಸುತ್ತು.

ಅರ್ಷಿಯಾ ಹೊಸಬಳು. ರೀಲಿಂಗ್ ಮನೆಯ ಹುಡುಗಿ.
ಬಿಸಿನೀರಿನ ಬಾಣಲೆಯಲ್ಲಿ ನಲವತ್ತು ವರ್ಷ
ಎಳೆ ಹುಡುಕಿದ ಅವಳ ದಾದಿಯ ಬೆರಳಲ್ಲಿ
ಗೆರೆಯೇ ಉಳಿದಿಲ್ಲವಂತೆ.
ರೇಷನ್ ಅಂಗಡಿಯ ಯಂತ್ರ
ನೀವು ನೀವಲ್ಲ ಅನ್ನುತ್ತದಂತೆ.

ಮೊದಲ ದಿನ ಪುಸ್ತಕ ಒಪ್ಪಿಸಿದಳು:
ಕೋಶಕೇಂದ್ರ ರಾಜ, ಮೈಟೊಕಾಂಡ್ರಿಯ ಕರೆಂಟ್ ಆಫೀಸು.
ರಾಜ ಎಲ್ಲಿದ್ದಾನೆ, ನೋಡಿ ಹೇಳು ಅಂದೆ.
ಹಣ್ಣಾಗುವ ಮೊದಲಿನ ಹುಳುವೊಂದನ್ನು ಸೀಳಿ
ರೇಷ್ಮೆಗ್ರಂಥಿ ಬಿಡಿಸಿ, ಬಣ್ಣ ಹಾಕಿ ತೋರಿಸಿದೆ.
ದುಂಡಗಿರಲಿಲ್ಲ ಕೋಶಕೇಂದ್ರ.
ಬತ್ತಿದ ಕೆರೆಯ ದಂಡೆಯಲ್ಲಿ
ಮಣ್ಣು ಕುಸಿದಾಗ ಕಾಣುವ ಹುಣಸೆ ಬೇರಿನಂತೆ
ಕವಲು, ಕವಲಿನ ಕವಲು,
ಕೋಶದ ತುಂಬ ತಾನೇ.

ಈ ಕೋಶಗಳ ತಲೆ ಎಣಿಕೆ
ಮೊಟ್ಟೆಯೊಳಗೇ ಮುಗಿದಿರುತ್ತದೆ.
ಆಮೇಲೆ ಒಂದೂ ಹೆಚ್ಚುವುದಿಲ್ಲ, ಬರೀ ಬೆಳೆಯುತ್ತವೆ.
ಒಳಗಿನ ಬರಹವನ್ನು ನಕಲು ಮಾಡಿ,
ನಕಲನ್ನು ಮತ್ತೆ ನಕಲು ಮಾಡಿ
ಎಲ್ಲವನ್ನೂ ಒಂದೇ ಸೂರಿನಲ್ಲಿ ಇಟ್ಟುಕೊಳ್ಳುತ್ತವೆ,
ಭಾಗ ಕೇಳುವುದಿಲ್ಲ.
(ನನ್ನ ಮೂವರು ಅಣ್ಣಂದಿರು ಎರಡೂವರೆ ಎಕರೆಗೆ
ಎರಡು ಬದು, ಒಂದು ಕೇಸು ಹಾಕಿದರು.)

ಬರಹದಿಂದ ಒಂದು ಚೀಟಿ ಹೊರಡುತ್ತದೆ,
ಗೂಡಿನ ಮಾರ್ಕೆಟ್ಟಿನ ಹರಾಜು ಚೀಟಿಯ ಹಾಗೆ.
ಪೊರೆಯ ತೂತಿನಲ್ಲಿ ನುಸುಳಿ ಆಚೆ ಬಂದರೆ
ರೈಬೊಸೋಮುಗಳು ಸಾಲಾಗಿ ಕೂತು ಓದುತ್ತವೆ:
ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್,
ಗ್ಲೈಸಿನ್, ಸೆರಿನ್,
ಮತ್ತೆ ಗ್ಲೈಸಿನ್.
ಮಗ್ಗಿ ಬಾಯಿಪಾಠ ಮಾಡುವ ಮಕ್ಕಳಂತೆ
ಅರ್ಷಿಯಾ ಅದನ್ನು ಗುನುಗುತ್ತ
ಗಾಜು ತೊಳೆಯುತ್ತಿದ್ದಳು ಒಂದು ವಾರ.
ಓದಿದ್ದು ಮಡಚಿಕೊಂಡು, ಚೀಲ ಸೇರಿ,
ಗೊಲ್ಗಿ ದಾಟಿ ಗ್ರಂಥಿಯ ನಡುಕಾಲುವೆಗೆ ಸುರಿಯುತ್ತದೆ.
ಹುಳು ತಲೆ ಆಡಿಸಿದರೆ ದಾರ.

ಇವತ್ತು ಇನ್ನೂರ ಹದಿನಾಲ್ಕು.
ಮಸೂರದ ಕೆಳಗೆ, ಹರಿದ ಪೊರೆಗಳ ನಡುವೆ
ನುಚ್ಚಕ್ಕಿಯಂತೆ ಹೊಳೆಯುವ ಕಾಳುಗಳು,
ನಿಂತಲ್ಲೇ ನಡುಗುತ್ತ.
ಗಂಟು ರೋಗ.
ತನ್ನದೊಂದು ಒಲೆ ಇಲ್ಲದ ಜೀವ ಅದು;
ಇನ್ನೊಬ್ಬರ ಕೋಶ ಹೊಕ್ಕು
ಅವರ ಬೆಂಕಿಯಲ್ಲೇ ಬೇಯಿಸಿಕೊಳ್ಳುತ್ತದೆ.
ತಾಯಿಯಿಂದ ಮೊಟ್ಟೆಗೂ ಹೊರಡುತ್ತದೆ, ಸೀಮಂತದ ಬುತ್ತಿಯಂತೆ.

ಅರ್ಷಿಯಾ ಹಾಳೆ ಹಿಡಿದು ನಿಂತಳು.
ಐನೂರು ಮೊಟ್ಟೆ. ಎಲ್ಲದರಲ್ಲೂ ಇರತ್ತಾ ಮೇಡಂ?
ಗೊತ್ತಿಲ್ಲ.
ಗೊತ್ತಿಲ್ಲ ಅಂತ ಸುಡೋದಾ?
ಗೊತ್ತಿಲ್ಲ ಅಂತಲೇ.
ಕೋಠಿಯ ಹಿಂದೆ ಸುಡುವಾಗ
ಚಿಟಪಟ ಅನ್ನಲಿಲ್ಲ. ಕೂದಲಿನ ವಾಸನೆ ಬಂತು, ಅಷ್ಟೆ.

ಊಟದ ಹೊತ್ತಿಗೆ ನೋಡಿದರೆ
ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ.
ಬೆಳಗ್ಗೆ ದಾದಿಯ ಕೆನ್ನೆಯ ಒಳಗನ್ನು
ಬೆಂಕಿಕಡ್ಡಿಯ ಹಿಂದಿನ ತುದಿಯಿಂದ ಕೆರೆದು
ಗಾಜಿಗೆ ಬಳಿದು ತಂದಿದ್ದಳಂತೆ ಟಿಫಿನ್ ಡಬ್ಬಿಯಲ್ಲಿ.
ನೀಲಿ ಬಣ್ಣ ಹಾಕಿದ್ದಾಳೆ, ಸ್ವಲ್ಪ ಜಾಸ್ತಿಯೇ.
ಇಣುಕಿದೆ:
ಮೂಲೆ ಮಡಚಿದ ಹಪ್ಪಳದಂಥ ಕೋಶಗಳು,
ಪ್ರತಿಯೊಂದರಲ್ಲೂ ಒಂದು ಕಡುನೀಲಿ ಚುಕ್ಕೆ.

ಪೂರ್ತಿ ಇದೆ ಅಲ್ವಾ ಮೇಡಂ, ಇದರಲ್ಲಿ? ಒಂದು ಅಕ್ಷರವೂ ಹೋಗಿಲ್ಲ?
ಹೂಂ ಅಂದೆ.
ಫೋನನ್ನು ಕಣ್ಣುಗಾಜಿಗೆ ಒತ್ತಿ
ಫೋಟೊ ತೆಗೆದುಕೊಂಡಳು, ರೇಷನ್ ಅಂಗಡಿಯವನಿಗೆ ತೋರಿಸುತ್ತಾಳಂತೆ.

ನಾನು ಇನ್ನೂರ ಹದಿನೈದನ್ನು
ಕಲ್ಬತ್ತಿಗೆ ಹಾಕಿದೆ.